ಬೀಗರ ಅಮೇರಿಕಾ, ನನ್ನ ಹಳ್ಳದ ಸೇತುವೆ

ಮೂವತ್ತೆರಡು ವರ್ಷ ರಸ್ತೆ ಕಾಯ್ದವನು ನಾನು. ರಸ್ತೆ ಮೇಲೆ ನಗುವಂಥವು ಆಗುತ್ತಲೇ ಇರುತ್ತವೆ. ನಿವೃತ್ತಿಯಾದರೆ ನಿಲ್ಲುತ್ತವೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಎದುರು ಮನೆಯಲ್ಲಿ ಬೀಗರು ಇದ್ದಾರೆ.

ನಾನು ರಸ್ತೆ ಗ್ಯಾಂಗಿನ ಮುಕಾದಮ ಆಗಿದ್ದವನು. ಬೈಲಹೊಂಗಲದಿಂದ ಸವದತ್ತಿ ಕಡೆಗೆ ಹೋಗುವ ದಾರಿಯಲ್ಲಿ ಒಂಬತ್ತು ಕಿಲೋಮೀಟರ್ ನನ್ನದು. ತಗ್ಗು ಮುಚ್ಚಿಸುವುದು, ಜಾಲಿ ಕಡಿಸುವುದು, ಕಿಲೋಮೀಟರ್ ಕಲ್ಲಿಗೆ ಬಣ್ಣ ಹಚ್ಚಿಸುವುದು. ನಡುವೆ ಹಳ್ಳಕ್ಕೆ ಒಂದು ಹಳೆಯ ಸೇತುವೆ. ಬೀಗರು ಅದೇ ರಸ್ತೆಯಲ್ಲಿ ಬಸ್ ಡ್ರೈವರ್ ಆಗಿದ್ದವರು. ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟಿದ್ದೇನೆ. ಹಾಗಾಗಿ ಬೈಯುವಂತಿಲ್ಲ. ಮರ್ಯಾದೆ ಕೊಡುತ್ತಲೇ ಹೊಟ್ಟೆ ಉರಿದುಕೊಳ್ಳಬೇಕು.

ಮೊನ್ನೆ ಆ ಹಳೆ ಸೇತುವೆ ಕೆಡವಿ ಹೊಸದು ಕಟ್ಟಿದರು. ಅದನ್ನು ಮೊದಲು ದಾಟುವವನು ನಾನೇ ಆಗಬೇಕು ಅಂತ ನನಗೆ ಹಟ ಬಂತು. ಅದಕ್ಕೆ ಅಮೇರಿಕಾ ಕಾರಣ.

೧. ಮುಚ್ಚಿದ ತಗ್ಗು

ಇದು ನೌಕರಿಯಲ್ಲಿದ್ದಾಗಿನ ಮಾತು. ಹಳೆ ಸೇತುವೆಗೆ ಸ್ವಲ್ಪ ಮುಂಚೆ ಒಂದು ತಗ್ಗು ಇತ್ತು. ಬೀಗರು ರಾಮದುರ್ಗದ ಬಸ್ಸು ಹೊಡೆಯುತ್ತಿದ್ದರು. ತಗ್ಗು ಬಂದಾಗ ಬಸ್ಸು ನಡೆಯುವ ಮನುಷ್ಯನಷ್ಟು ನಿಧಾನ ಮಾಡಿ, ಹಿಂದೆ ತಿರುಗಿ, ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿದ್ದರು.

"ಗಟ್ಟಿ ಹಿಡಕೋರಿ. ನಮ್ಮ ಬೀಗರ ಮನಿ ಬಂತು."

ಈ ಮಾತು ನನ್ನ ಕಿವಿಗೆ ಬಿತ್ತು. ಮುಂದಿನ ರವಿವಾರ, ರಜೆ ಇದ್ದರೂ, ಗ್ಯಾಂಗಿನ ನಾಲ್ಕು ಮಂದಿಯನ್ನು ಕರೆದುಕೊಂಡು ಹೋದೆ. ಖಡಿ ಹಾಕಿ, ಡಾಂಬರು ಹಾಕಿ, ಬಡಿದು ತಗ್ಗು ಮುಚ್ಚಿಸಿದೆ. ಅಂಗೈ ಇಟ್ಟರೆ ಸಪಾಟ. ಸೋಮವಾರ ಬೀಗರ ಬಸ್ಸು ಅದರ ಮೇಲೆ ಸುಂಯ್ ಅಂತ ಹೋಯಿತು. ನಾನು ಬೇವಿನ ಗಿಡದ ಕೆಳಗೆ ನಿಂತು ನೋಡಿದೆ. ಬೀಗರು ನನ್ನ ಕಡೆ ನೋಡಲೇ ಇಲ್ಲ.

ಬುಧವಾರ ನಮ್ಮ ಸಾಹೇಬರು ಕರೆಸಿದರು. ಮೇಜಿನ ಮೇಲೆ ಒಂದು ಅರ್ಜಿ. ಹಳ್ಳದ ಆಚೆ ಹೊಲ ಇರುವ ಹೆಣ್ಣುಮಕ್ಕಳದು. ಅಲ್ಲಿ ಬಸ್ ಸ್ಟಾಪಿಲ್ಲ. ತಗ್ಗಿನಲ್ಲಿ ಬಸ್ಸು ನಿಧಾನವಾದಾಗ ಇಳಿದು ಹೊಲಕ್ಕೆ ಹೋಗುತ್ತಿದ್ದರು. ಈಗ ಬಸ್ಸು ನಿಲ್ಲದೆ ಮುಂದಿನ ಊರಿಗೆ ಒಯ್ಯುತ್ತದೆ. ದಯವಿಟ್ಟು ತಗ್ಗು ಮೊದಲಿನಂತೆ ಮಾಡಿಕೊಡಬೇಕು ಅಂತ ಬರೆದಿದ್ದರು.

ಮೂವತ್ತೆರಡು ವರ್ಷದಲ್ಲಿ ನನ್ನ ಮೇಲೆ ಬಂದ ಲಿಖಿತ ದೂರು ಅದೊಂದೇ. ರಸ್ತೆ ಚೆನ್ನಾಗಾಗಿದೆ ಅಂತ. ಎರಡನೆಯ ಸಹಿ ನನ್ನ ಹೆಂಡತಿಯದು.

೨. ಚಹಾ ಚೆಲ್ಲದ ರಸ್ತೆ

ಬೀಗರು ನಿವೃತ್ತಿಯಾದ ಮೇಲೆ ಕರಡಿ ಮಜಲು ಮೇಳ ಸೇರಿದರು. ಮದುವೆ, ಮೆರವಣಿಗೆಗೆ ಬಾರಿಸುವ ಮೇಳ. ಬೀಗರದು ಕರಡಿ, ಅಂದರೆ ಸೊಂಟಕ್ಕೆ ಕಟ್ಟಿಕೊಂಡು ಬಾರಿಸುವ ದೊಡ್ಡ ಚರ್ಮವಾದ್ಯ. ಹೋದ ವರ್ಷ ಅಮೇರಿಕಾದ ಕನ್ನಡದವರು ಯಾವುದೋ ಹಬ್ಬಕ್ಕೆ ಈ ಮೇಳವನ್ನು ಕರೆಸಿದರು. ಮೂರು ವಾರ ವ್ಯಾನಿನಲ್ಲಿ ಕೂಡಿಸಿ ಊರಿಂದ ಊರಿಗೆ ತಿರುಗಿಸಿದರು.

ನಾನು ಲೆಕ್ಕ ಹಾಕಿದೆ. ಜೀವಮಾನವೆಲ್ಲ ರಸ್ತೆ ಕಾಯ್ದವನು ನಾನು. ಜೀವಮಾನವೆಲ್ಲ ರಸ್ತೆಗೆ ಬೈದವರು ಅವರು. ಜಗತ್ತಿನ ದೊಡ್ಡ ರಸ್ತೆ ನೋಡಲಿಕ್ಕೆ ಹೊರಟವರು ಅವರು. ಹೊರಡುವ ದಿನ ನಾನೇ ಹಾರ ಹಾಕಿದೆ. ಸ್ವಲ್ಪ ಬಿಗಿಯಾಗಿಯೇ ಹಾಕಿದೆ.

ತಿರುಗಿ ಬಂದ ಮೇಲೆ ಚಹಾದಂಗಡಿಯಲ್ಲಿ ಬೇರೆ ಮಾತಿಲ್ಲ. ಕಿತ್ತೂರ ಹತ್ತಿರದ ಹೈವೇ ಇದೆಯಲ್ಲ, ಅಂಥವು ಮೂರು ಕೂಡಿಸಿದರೆ ಅಲ್ಲಿಯದೊಂದು ಅಂದರು. ತುಂಬಿದ ಚಹಾದ ಕಪ್ಪು ತೊಡೆ ಮೇಲೆ ಇಟ್ಟುಕೊಂಡು ನೂರು ಮೈಲಿ ಹೋದರೂ ಒಂದು ಹನಿ ಚೆಲ್ಲುವುದಿಲ್ಲ ಅಂದರು. ಮಂದಿ ಬಾಯಿ ತೆರೆದು ಕೇಳಿದರು. ರಸ್ತೆಯ ಅಂಚು ಹೇಗೆ ಕಟ್ಟಿದ್ದಾರೆ, ನೀರು ಎಲ್ಲಿಗೆ ಹರಿಯುತ್ತದೆ ಅಂತ ನಾನು ಕೇಳಿದೆ.

"ನೋಡಲಿಲ್ಲರಿ ಬೀಗರ. ನಿದ್ದಿ ಹತ್ತಿಬಿಡ್ತಿತ್ತು. ಅಂಥಾ ರಸ್ತಾ."

"ನಿದ್ದಿ ಇಲ್ಲೂ ಹತ್ತತಿತ್ತು ನಿಮಗ. ಸ್ಟೇರಿಂಗ್ ಹಿಡಕೊಂಡ."

ಅಂಗಡಿಯವನು ನಕ್ಕ. ಬೀಗರೂ ನಕ್ಕರು. ಅಮೇರಿಕಾ ನೋಡಿದವರಿಗೆ ನಗುವುದು ಸುಲಭ.

ಆ ವಾರ ಅವರನ್ನು ಊಟಕ್ಕೆ ಕರೆದಿದ್ದೆವು. ಮತ್ತೆ ಅದೇ ರಸ್ತೆ. ನನ್ನ ಹೆಂಡತಿ ರೊಟ್ಟಿ ಬಡಿಸುತ್ತ ಎಲ್ಲ ಕೇಳಿಸಿಕೊಂಡು, ಅಲ್ಲಿಯವರು ಅದರ ಮೇಲೆ ಏನೇನು ಒಕ್ಕುತ್ತಾರೆ ಅಂತ ವಿಚಾರಿಸಿದಳು. ನಮ್ಮ ಕಡೆ ಕಡಲೆ, ಹೆಸರು ಏನೇ ಬರಲಿ, ಕಿತ್ತು ತಂದು ರಸ್ತೆ ಮೇಲೆ ಹರವುತ್ತಾರೆ. ಬಸ್ಸು, ಲಾರಿ ಹಾಯ್ದು ಕಾಳು ಬಿಡುತ್ತದೆ. ಬೀಗರು ತಲೆ ಅಲ್ಲಾಡಿಸಿದರು. ಅಲ್ಲಿ ಯಾರೂ ಏನೂ ಹರವುವುದಿಲ್ಲ, ಒಂದು ಹುಲ್ಲುಕಡ್ಡಿ ಸಹ ಕಾಣುವುದಿಲ್ಲ ಅಂದರು.

ಹೆಂಡತಿ ರೊಟ್ಟಿ ಕೈಯಲ್ಲೇ ಹಿಡಿದು ನಿಂತಳು.

"ಮತ್ತ ಅಷ್ಟ ಅಗಲ ಯಾಕ ಮಾಡ್ಯಾರ್ರಿ ಅಣ್ಣಾರ?"

ಬೀಗರು ನೀರಿನ ತಂಬಿಗೆ ಎತ್ತಿದರು. ಆ ದಿನ ಒಂದು ರೊಟ್ಟಿ ಹೆಚ್ಚು ಉಂಡೆ.

೩. ತಗ್ಗು ನೋಡುವ ಮುದುಕ

ಫೋನಿಗೆ ಬಾಯಿಂದ ಹೇಳಿದರೆ ಬೇಕಾದ್ದು ತೋರಿಸುತ್ತದೆ ಅಂತ ಮಗಳು ಕಲಿಸಿದ್ದಳು. ಬಾಗಿಲು ಮುಂದೆ ಮಾಡಿ, "ಅಮೇರಿಕಾ ರಸ್ತಾ ತಗ್ಗು" ಅಂದೆ.

ತೋರಿಸಿತು. ಮನುಷ್ಯ ಕೂಡುವಂಥ ತಗ್ಗುಗಳು. ತುಕ್ಕು ಹಿಡಿದು ಪುಡಿ ಉದುರುವ ಸೇತುವೆಗಳು. ಭಾರದ ಗಾಡಿ ಬರಬಾರದು ಅಂತ ಬೋರ್ಡು. ನಮ್ಮಜ್ಜನ ಕಾಲದ ರೈಲು ಸುರಂಗ, ಒಳಗೆ ನೀರು ಸೋರುತ್ತಿತ್ತು. ಅಜ್ಜಂದಿರು ಕಟ್ಟಿದ್ದನ್ನು ಮೊಮ್ಮಕ್ಕಳು ಬಳಸಿದರೇ ಹೊರತು ಬಣ್ಣ ಹಚ್ಚಲಿಲ್ಲ ಅಂತ ಒಬ್ಬ ಕನ್ನಡದಲ್ಲೇ ವಿವರಿಸುತ್ತಿದ್ದ. ಆ ದೇಶದ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಪಾಪ, ನಮ್ಮಂಥವರೇ ಅನ್ನಿಸಿತು.

ಮರುದಿನದಿಂದ ನಾನು ಕೇಳದಿದ್ದರೂ ಫೋನು ತಾನಾಗಿಯೇ ಅಮೇರಿಕಾದ ತಗ್ಗು ತೋರಿಸತೊಡಗಿತು. ಬೆಳಿಗ್ಗೆ ಐದು, ಮಧ್ಯಾಹ್ನ ಐದು. ಚಹಾದಂಗಡಿಗೆ ಹೋಗಿ ಎಲ್ಲರಿಗೂ ತೋರಿಸಿದೆ. ಬೀಗರು ಕನ್ನಡಕ ಹಾಕಿಕೊಂಡು ನೋಡಿದರು.

"ಇರಬಹುದು ಬೀಗರ. ನಾವು ಹೋದ ಕಡೆ ಇರಲಿಲ್ಲ."

ಮನೆಗೆ ಬಂದು ಮತ್ತೆ ಫೋನು ಹಿಡಿದೆ. ಅವರು ಹೋದ ಕಡೆಯ ತಗ್ಗು ಸಿಗಬೇಕಿತ್ತು. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿದಳು.

"ಮಂದಿ ಮುದುಕರು ಫೋನಿನ್ಯಾಗ ಭಜನಿ ನೋಡ್ತಾರ. ಸಿನಿಮಾ ನೋಡ್ತಾರ. ನೀವು ತಗ್ಗ ನೋಡ್ಕೋತ ನಗತೀರಿ. ಬೀಗರ ಮುಂದ ಹೆಂಗ ಹೇಳ್ಲಿ ಇದನ್ನ?"

೪. ಸನಾದಿಯವನು ಹೇಳಿದ್ದು

ಮೇಳದಲ್ಲಿ ಸನಾದಿ ಊದುವವನು ಕಟಕೋಳದವನು. ಮನೋಳಿಯಲ್ಲಿ ಒಂದು ಮದುವೆ ಬಾರಿಸುವುದಿತ್ತು. ಅದನ್ನು ಹೇಳಲಿಕ್ಕೆ ಬೀಗರ ಮನೆಗೆ ಬಂದ. ಬೀಗರು ಇರಲಿಲ್ಲ. ನಾನು ಕರೆದು ಕೂಡಿಸಿ ಚಹಾ, ಚೂಡಾ ಕೊಟ್ಟೆ. ಅಮೇರಿಕಾದ ರಸ್ತೆ ಭಾರಿ ಚೊಲೊ ಅಂತಲ್ಲ ಅಂದೆ.

ಅವನು ಚೂಡಾ ಬಾಯಿಗೆ ಹಾಕಿಕೊಂಡು ನಕ್ಕ. ಹೊರಗಿನ ಹೈವೇ ಚೊಲೊನೇ ಅಂದ. ಆದರೆ ಮೂರನೇ ದಿನ ಒಂದು ದೊಡ್ಡ ಊರಿನೊಳಗೆ ಹೊಕ್ಕಾಗ ವ್ಯಾನು ಧಡ್ ಅಂತ ತಗ್ಗಿಗೆ ಬಿತ್ತಂತೆ. ಟಾಯರು ಒಡೆಯಿತಂತೆ. ಬೀಗರ ತೊಡೆ ಮೇಲಿದ್ದ ಚಹಾ ಅಷ್ಟೂ ಧೋತರದ ಮೇಲೆ. ಮುಂದಿನ ಸೇತುವೆ ದುರಸ್ತಿಗಾಗಿ ಬಂದ್ ಆಗಿತ್ತು. ಸುತ್ತು ಹಾಕಿ ಹೋಗಲಿಕ್ಕೆ ಎರಡು ತಾಸು.

ನನ್ನ ಕಿವಿಗೆ ಸನಾದಿ ಊದಿದಂತಾಯಿತು. ಬೀಗರು ಆಗ ಏನಂದರು ಅಂತ ಕೇಳಿದೆ.

"ಏನಂದಾರರಿ. ನಿದ್ಯಾಗಿದ್ರು. ಧಡ್ ಅಂದ ಕೂಡ್ಲೆ ಎದ್ದು, ಗಟ್ಟಿ ಹಿಡಕೋರಿ, ನಮ್ಮ ಬೀಗರ ಮನಿ ಬಂತು ಅಂದ್ರು."

ಇಡೀ ಮೇಳ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ವ್ಯಾನಿನ ಡ್ರೈವರ್ ಅಮೇರಿಕಾದವನು. ಯಾಕೆ ನಗುತ್ತೀರಿ ಅಂತ ಕೇಳಿದ. ಜೊತೆಗಿದ್ದ ಕನ್ನಡದವರು ಬಿಡಿಸಿ ಹೇಳಿದರು. ಅವನಿಗೆ ಅದು ಬಹಳ ಸೇರಿತು. ಆಮೇಲೆ ತಿರುಗಾಟ ಮುಗಿಯುವವರೆಗೆ, ತಗ್ಗು ಬಂದಾಗೆಲ್ಲ ಅವನೇ ಮೊದಲು "ಬೀಗಾ, ಬೀಗಾ" ಅಂತ ಕೂಗುತ್ತಿದ್ದನಂತೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಹೋಗದಿದ್ದರೂ ನನ್ನ ಹೆಸರು ಅಮೇರಿಕಾಕ್ಕೆ ಹೋಗಿತ್ತು. ಊರೂರು ತಿರುಗಿತ್ತು. ಎಲ್ಲ ನೋಡಿತ್ತು.

ಸ್ವಲ್ಪ ಹೊತ್ತಿಗೆ ಆ ಹೆಸರಿನ ಮೇಲೂ ಹೊಟ್ಟೆಕಿಚ್ಚಾಯಿತು.

೫. ಹಳದಿ ಕೋಟಿನವನು

ಇಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಫೋನು ಹೊಸದೊಂದು ತೋರಿಸಿತು. ಅಮೇರಿಕಾದವರು ಎಚ್ಚೆತ್ತಿದ್ದಾರೆ, ಹಳೆ ಸೇತುವೆ ಕೆಡವಿ ಹೊಸದು ಕಟ್ಟುತ್ತಿದ್ದಾರೆ ಅಂತ. ಒಂದು ಸಣ್ಣ ಊರು, ನದಿಗೆ ಹೊಸ ಸೇತುವೆ. ತೆರೆಯುವ ದಿನ ಮೊದಲು ದಾಟಿದವನು ಮಂತ್ರಿಯಲ್ಲ, ಸಾಹೇಬನಲ್ಲ. ಹಳದಿ ಕೋಟು ಹಾಕಿದ ಒಬ್ಬ ಮುದುಕ. ಜೀವಮಾನವೆಲ್ಲ ಹಳೆ ಸೇತುವೆಯನ್ನು ನೋಡಿಕೊಂಡವನಂತೆ. ಸೇತುವೆಯ ಬದಿಯ ಕಟಾಂಜನದ ಮೇಲೆ ಕೈ ಆಡಿಸುತ್ತ ಒಬ್ಬನೇ ನಡೆದ. ಎರಡೂ ಕಡೆ ಮಂದಿ ಚಪ್ಪಾಳೆ.

ಏಳು ಸಲ ನೋಡಿದೆ. ತಗ್ಗು ನೋಡಿ ಕಡಿಮೆಯಾಗಿದ್ದ ಹೊಟ್ಟೆಕಿಚ್ಚು ಎರಡರಷ್ಟಾಗಿ ತಿರುಗಿ ಬಂತು. ಅವರ ರಸ್ತೆಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಏನೂ ಅಲ್ಲ. ಆ ಮುದುಕನ ಮೇಲೆ ಪಟ್ಟೆ.

ನಮ್ಮ ಹಳ್ಳದ ಹೊಸ ಸೇತುವೆಯೂ ಆಗ ಮುಗಿಯಲಿಕ್ಕೆ ಬಂದಿತ್ತು. ನನ್ನನ್ನು ಯಾರೂ ಕರೆಯುವುದಿಲ್ಲ, ಗೊತ್ತಿತ್ತು. ಕರೆಯದಿದ್ದರೇನು, ಕಾಲು ನನ್ನವು. ಎರಡೂ ತುದಿಗೆ ಹಗ್ಗ ಕಟ್ಟಿ ಜಾಲಿ ಮುಳ್ಳು ಹಾಕಿದ್ದರು. ಉದ್ಘಾಟನೆಯವರೆಗೆ ಯಾರೂ ದಾಟಕೂಡದು ಅಂತ ಹುಕುಂ. ಮುಕಾದಮನಾಗಿದ್ದವನು ಹುಕುಂ ಮುರಿಯಬಾರದು. ಆ ದಿನ ಬೆಳಿಗ್ಗೆ ಹಗ್ಗ ಬಿಚ್ಚಿದ ಗಳಿಗೆಯಲ್ಲೇ ದಾಟಬೇಕು ಅಂತ ನಿಶ್ಚಯ ಮಾಡಿದೆ.

ಒಂದು ತಪ್ಪು ಮಾಡಿದೆ. ಆ ವಿಡಿಯೋ ಬೀಗರಿಗೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಈ ಮುದುಕನ ನಡಿಗಿ ಡ್ರೈವರನಂಗ ಐತಿ."

"ಮುಕಾದಮ ಅಂವ."

"ಹಳೆ ಬ್ರಿಜ್ಜಿನ ಮ್ಯಾಲೆ ದಿನಾ ನಾಕು ಸಲ ಹೋದಾಂವ ನಾನು ಬೀಗರ. ನೀವು ಗಿಡದ ಬುಡಕ ಕುಂತಿರತಿದ್ರಿ."

ಅಷ್ಟೇ. ಫೋನು ತಿರುಗಿ ಕೊಟ್ಟು ಹೋದರು. ಆ ದಿನದಿಂದ ಹಳ್ಳದ ಕಡೆ ನಾನು ಹೊರಟರೆ ಅವರೂ ಹೊರಡುತ್ತಿದ್ದರು. ನಾನು ಹಗ್ಗದ ಹತ್ತಿರ ನಿಂತರೆ ಅವರೂ ನಿಲ್ಲುತ್ತಿದ್ದರು. ಯಾಕೆ ಬಂದಿರಿ ಅಂತ ಇಬ್ಬರೂ ಕೇಳುತ್ತಿರಲಿಲ್ಲ.

೬. ಮೊದಲು ದಾಟಿದವರು

ಉದ್ಘಾಟನೆ ಹತ್ತು ಗಂಟೆಗೆ ಇತ್ತು. ನಾನು ಬೆಳಕು ಹರಿಯುವ ಮೊದಲೇ ಎದ್ದು ನೌಕರಿಯ ಖಾಕಿ ಕೋಟು ಹಾಕಿದೆ. ಗುಂಡಿ ಹತ್ತಲಿಲ್ಲ. ಹಾಗೇ ಹೊರಟೆ. ಹೆಂಡತಿ ಅಷ್ಟೊತ್ತಿಗೆ ಹೊಲಕ್ಕೆ ಹೋಗಿದ್ದಳು.

ಹಳ್ಳದ ದಂಡೆಗೆ ಬಂದರೆ ಬೀಗರು ಅಲ್ಲೇ ನಿಂತಿದ್ದಾರೆ. ಸೊಂಟಕ್ಕೆ ಕರಡಿ ಕಟ್ಟಿಕೊಂಡಿದ್ದಾರೆ. ಸಾಹೇಬರ ಮುಂದೆ ಅವರ ಮೇಳ ಬಾರಿಸುವುದಿತ್ತು.

"ಲಗೂನ ಬಂದ್ರಿ ಬೀಗರ" ಅಂದೆ.

"ತಾಲೀಮು ಮಾಡಬೇಕಿತ್ತು" ಅಂದರು. ಮೇಳದವರು ಒಬ್ಬರೂ ಇರಲಿಲ್ಲ.

ಹಗ್ಗ ಬಿಚ್ಚಿತ್ತು. ಯಾರೋ ಮುಳ್ಳು ಬದಿಗೆ ಸರಿಸಿದ್ದರು. ಬೀಗರ ಮುಂದೆ ನಾನು ಮೊದಲು ಕಾಲಿಟ್ಟರೆ ಮರ್ಯಾದೆಯಲ್ಲ. ಅವರಿಗೂ ಅದೇ ತೊಡಕು. "ನೀವು ನಡೀರಿ" ಅಂದೆ, ನಡೆಯುವುದಿಲ್ಲ ಅನ್ನುವ ಧೈರ್ಯದ ಮೇಲೆ. "ಛೇ, ನೀವು ಹಿರ್ಯಾರು" ಅಂದರು. ಅವರು ನನಗಿಂತ ಎರಡು ವರ್ಷ ದೊಡ್ಡವರು. ಹೀಗೆ ನಿಂತೇ ಇದ್ದೆವು. ಅಷ್ಟರಲ್ಲಿ ಸರಿಯಾಗಿ ಬೆಳಕಾಯಿತು.

ಸೇತುವೆ ಕಾಣಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಕಡಲೆ ಗಿಡ ಹರವಿದ್ದರು. ಮೊಣಕಾಲಷ್ಟು ದಪ್ಪ. ಬದಿಗೆ ಸಾಲಾಗಿ ಕಲ್ಲು. ನಡುವೆ ಐದಾರು ಹೆಣ್ಣುಮಕ್ಕಳು ಕೋಲಿನಿಂದ ತಿರುವಿ ಹಾಕುತ್ತಿದ್ದರು. ಮುಂದೆ ನನ್ನ ಹೆಂಡತಿ. ಅವಳ ಬಗಲಿಗೆ ಬೀಗಿತ್ತಿ, ಅಂದರೆ ಬೀಗರ ಹೆಂಡತಿ. ಹತ್ತು ಗಂಟೆಗೆ ಸಾಹೇಬರ ಗಾಡಿಗಳು ಸಾಲಾಗಿ ಬರುತ್ತವೆ, ಒಂದೇ ಸಲಕ್ಕೆ ಒಕ್ಕಣೆ ಮುಗಿಯುತ್ತದೆ ಅಂತ ಎಲ್ಲರೂ ಕೂಡಿ ಯೋಚನೆ ಮಾಡಿದ್ದರು.

ಹಾಗಾದರೆ ಮೊದಲು ದಾಟಿದವಳು ನೀನೇನು ಅಂತ ಹೆಂಡತಿಯನ್ನು ಕೇಳಿದೆ.

"ಇವತ್ತ?" ಅಂದಳು. "ಹದಿನೈದು ದಿನಾ ಆತು, ಹಗ್ಗದ ಕೆಳಗ ನುಸುಳಿ ದಿನಾ ಹೊಲಕ್ಕ ಇಲ್ಲೇ ಹಾದು ಹೊಂಟೇವಿ. ಊರ ಮಂದಿ ಎಲ್ಲಾ ದಾಟೇತಿ. ಎಮ್ಮಿ ದಾಟ್ಯಾವ. ದಾಟಲಾರದವರು ನೀವಿಬ್ಬರ ಉಳದೀರಿ."

ನಾನು ಬೀಗರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ಒಂದೇ ಲೆಕ್ಕ ಹೊಳೆಯಿತು. ಮೊದಲನೆಯವನಾಗುವ ಮಾತು ಮುಗಿದಿತ್ತು. ಈಗ ಇಬ್ಬರಲ್ಲಿ ಒಬ್ಬ, ಇಡೀ ಊರಿನಲ್ಲಿ, ಎಮ್ಮೆಗಳೂ ಸೇರಿ, ಕಟ್ಟಕಡೆಗೆ ದಾಟಿದವನಾಗಲೇಬೇಕು. ಅದು ನಾನಾಗಬಾರದು.

"ನಡೀರಿ ಬೀಗರ" ಅನ್ನುವುದನ್ನು ಇಬ್ಬರೂ ಬಿಟ್ಟೆವು. ಓಡಿದೆವು.

ಮೂವತ್ತು ವರ್ಷದಿಂದ ನಾನು ಓಡಿರಲಿಲ್ಲ. ಕಡಲೆ ಗಿಡ ಕಾಲ ಕೆಳಗೆ ಚಟಪಟ ಅನ್ನುತ್ತಿತ್ತು. ಬೀಗರ ಸೊಂಟದ ಕರಡಿ ಹೆಜ್ಜೆಗೊಮ್ಮೆ ಢಮ್ ಢಮ್ ಅನ್ನುತ್ತಿತ್ತು. ನನ್ನ ಒಂದು ಚಪ್ಪಲಿ ಅಲ್ಲೇ ಹೂತುಹೋಯಿತು. ಆಚೆ ತುದಿಗೆ ಇಬ್ಬರೂ ಒಂದೇ ಸಲಕ್ಕೆ ಮುಟ್ಟಿ, ಒಂದೇ ಕಲ್ಲಿನ ಮೇಲೆ ಕುಳಿತು ತೇಕಿದೆವು. ಹಿಂದಿನಿಂದ ಹೆಂಡತಿಯ ಧ್ವನಿ ಕೇಳಿತು. ಬೈಯುತ್ತಾಳೆ ಅಂದುಕೊಂಡೆ.

"ಕುಂದರಬ್ಯಾಡ್ರಿ, ತಿರಗಿ ಬರ್ರಿ. ಹಿಂಗ ಇನ್ನೆರಡ ಸುತ್ತ ಹೊಡೀರಿ. ಕಾಳು ಚೊಲೊ ಬಿಡಾಕ ಹತ್ಯಾವ."

ಹೊಡೆದೆವು. ಎರಡನೆಯ ಸುತ್ತಿನಲ್ಲಿ ನಾನು ಮುಂದಿದ್ದೆ.