ಕೊಸರು ಹಾಕಿದ ಉಪ್ಪಿಟ್ಟು

ಪ್ರೀತಿ ನನ್ನ ಮಗಳು. ವ್ಯಾಪಾರಿ ಕಣ್ಣಿನಿಂದ ನೋಡಿದರೆ ಒಂದನೇ ನಂಬರಿನ ಬಿಳಿಜೋಳ: ಕಾಳು ತುಂಬಿದ್ದು, ಕಲ್ಲಿಲ್ಲ, ಹುಳ ಬಿದ್ದಿಲ್ಲ. ಲೆಕ್ಕದಲ್ಲಿ ಮಾತ್ರ ತೂಕ ಕಡಿಮೆ. ಐದನೇ ಇಯತ್ತೆಯ ಈ ಹುಡುಗಿ ಶನಿವಾರ ಸಂಜೆ ಪಾಟಿಚೀಲ ಮೂಲೆಗೆ ಒಗೆದು, ತನಗೆ ಲೆಕ್ಕ ಬರುವುದಿಲ್ಲ, ಸೋಮವಾರ ಪರೀಕ್ಷೆಗೆ ಹೋಗುವುದಿಲ್ಲ ಎಂದು ಕೂತಳು.

ಹುನಗುಂದದಲ್ಲಿ ಇಪ್ಪತ್ತು ವರ್ಷದಿಂದ ಕಿರಾಣಿ ಅಂಗಡಿ ನಡೆಸುತ್ತಿರುವವನ ಮಗಳು! ಭಿನ್ನರಾಶಿಯನ್ನು ಒಂದೇ ಒಂದು ಉಪ್ಪಿಟ್ಟಿನಲ್ಲಿ ಕಲಿಸಿ ತೋರಿಸುತ್ತೇನೆಂದು ಘೋಷಿಸಿದೆ. ಹೆಂಡತಿ ಅನುರಾಧಾ, "ಮೊದಲ ಗ್ಯಾಸ್ ಹಚ್ಚೂದು ಕಲೀರಿ" ಅಂದಳು. ಇಂಥ ಮಹಾಪಾಠಕ್ಕೆ ಸಾಕ್ಷಿ ಬೇಕಲ್ಲ, ಎದುರಿನ ಟೇಲರ್ ನಾಸೀರನನ್ನು ಭಾನುವಾರ ನಾಷ್ಟಾಕ್ಕೆ ಕರೆದೆ.

ರವಾ ಒಂದು ಬಟ್ಟಲಿಗೆ ನೀರು ಎರಡೂವರೆ. ಎರಡು ಬಟ್ಟಲಿಗೆ ಎಷ್ಟು ಎಂದು ಕೇಳಿದೆ. ಪ್ರೀತಿ ಬೆರಳು ಮಡಚಿ ಐದು ಅಂದಳು. ಸರಿ! ನೀರನ್ನು ಅವಳೇ ಅಳೆದಳು. ರವಾ ಅಳೆಯುವ ಹಿರಿಮೆಯನ್ನು ನಾನು ಬಿಟ್ಟುಕೊಡಲಿಲ್ಲ. ಎಡವಿದ್ದು ಅಲ್ಲೇ. ನಮ್ಮ ಕಸುಬಿನಲ್ಲಿ ಅಳತೆ ಮುಗಿದ ಮೇಲೆ ಗಿರಾಕಿಯ ಸಮಾಧಾನಕ್ಕೆ ಒಂದು ಹಿಡಿ ಕೊಸರು ಹಾಕುವುದುಂಟು. ಬಾಯಿ ಪಾಠ ಹೇಳುತ್ತಿತ್ತು, ಕೈ ವ್ಯಾಪಾರ ಮಾಡುತ್ತಿತ್ತು. ಬಟ್ಟಲು ಬಟ್ಟಲಿಗೂ ಒಂದು ಹಿಡಿ. ಉಪ್ಪಿಗೂ ಕೊಸರು. ಮೆಣಸಿನಕಾಯಿಗೂ ಕೊಸರು. ನೀರಿಗೆ ಮಾತ್ರ ಇಲ್ಲ. ನೀರು ನಮ್ಮ ಅಂಗಡಿಯಲ್ಲಿ ಮಾರುವುದಿಲ್ಲ.

ಇಳಿಸಿದಾಗ ಪಾತ್ರೆಯಲ್ಲಿದ್ದುದನ್ನು ಇಳಕಲ್ಲಿನ ಕಲ್ಲು ಕೊರೆಯುವವರಿಗೆ ಒಪ್ಪಿಸಬಹುದಿತ್ತು. ನೆಟ್ಟ ಚಮಚ ನಿಂತೇ ಇತ್ತು. ನಾಸೀರ ಒಂದು ತುತ್ತು ತಿಂದು ಎರಡು ತಂಬಿಗೆ ನೀರು ಕುಡಿದ.

"ಸಾವಕಾರ್ರ, ಪಾತೇಲ್ಯಾಗ ಹಾಕೂ ನೀರು ನಮ್ಮ ಹೊಟ್ಟಿಗೆ ಹಾಕ್ಸಾಕ ಹತ್ತೀರಲ್ಲ."

ಮರ್ಯಾದೆ ಹೋಗುವ ಹೊತ್ತಿನಲ್ಲಿ ಮನುಷ್ಯ ಹತ್ತಿರ ಸಿಕ್ಕವರ ತಲೆಗೆ ತಪ್ಪು ಕಟ್ಟುತ್ತಾನೆ. "ನೀರು ಅಳದಾಕಿ ಈಕಿ. ಐದು ಎಣಸಾಕ ಬರಂಗಿಲ್ಲ ಇದಕ್ಕ" ಎಂದುಬಿಟ್ಟೆ.

ಪ್ರೀತಿ ಅಳಲಿಲ್ಲ. ಪಾಠವೆಂದು ಎಲ್ಲವನ್ನೂ ಬರೆದುಕೊಂಡಿದ್ದ ನೋಟಬುಕ್ಕನ್ನು ತಂದು ನಾಸೀರನ ಮುಂದೆ ಹಿಡಿದಳು. ಅವನೇ ಗಟ್ಟಿಯಾಗಿ ಓದಿದ: "ರವಾ ಎರಡು ಬಟ್ಟಲ. ಅಪ್ಪ ಮ್ಯಾಲ ಹಾಕಿದ್ದು ಎರಡು ಹಿಡಿ. ಅಪ್ಪನ ಒಂದು ಹಿಡಿ ಅಂದ್ರ ಅರ್ಧ ಬಟ್ಟಲ. ಒಟ್ಟು ಮೂರು. ನೀರು ಎರಡೂವರೆ ಬಟ್ಟಲ ಕಡಿಮಿ ಬಿದ್ದೈತಿ."

"ಆಗ ಹೇಳಬಾರದೇನ?" ಎಂದೆ.

"ಪಾಠ ಹೇಳೂಮುಂದ ನಡುವ ಬಾಯಿ ಹಾಕಬ್ಯಾಡ ಅಂದಿದ್ದಿ, ಅಪ್ಪ."

ಅನುರಾಧಾ ಎರಡೂವರೆ ಬಟ್ಟಲು ಕುದಿಯುವ ನೀರು ಅಳೆದು ಹಾಕಿ, ಪಾತ್ರೆಯನ್ನು ಮತ್ತೆ ಒಲೆಗೇರಿಸಿದಳು. ಕಲ್ಲು ಕರಗಿ ಉಪ್ಪಿಟ್ಟಾಯಿತು. ನಾಸೀರ ಎರಡನೇ ಸಲ ಹಾಕಿಸಿಕೊಂಡ, ಪ್ರೀತಿಗೆ ಹೇಳಿ. ಅವಳು ನೋಟಬುಕ್ಕನ್ನು ಪಾಟಿಚೀಲಕ್ಕೆ ಇಟ್ಟು, ನಾಳೆ ಪರೀಕ್ಷೆಗೆ ಹೋಗುತ್ತೇನೆ, ಆದರೆ ಅಪ್ಪ ಇನ್ನೊಂದು ಪಾಠ ಹೇಳಬಾರದು ಎಂದು ಅವ್ವನ ಹತ್ತಿರ ಕರಾರು ಮಾಡಿಕೊಂಡಳು.

ನಾಸೀರನೆದುರು ಅವಳಿಗೆ ಎಣಿಸಲು ಬರುವುದಿಲ್ಲ ಎಂದಿದ್ದೆ. ನಾಸೀರನೆದುರೇ ‘ತಪ್ಪು ನಂದು’ ಅನ್ನಬೇಕಿತ್ತು. ಬಾಯಿತುಂಬ ಉಪ್ಪಿಟ್ಟು ಇಟ್ಟುಕೊಂಡು ಪಾರಾದೆ. ಆ ಎರಡು ಮಾತನ್ನು ನಾನು ನನ್ನ ಮಗಳಿಗೆ ಇನ್ನೂ ಕೊಡಬೇಕು.