ಅಥವಾ ತತ್ಸಮಾನ

ಶಂಕರಪ್ಪನವರ ಮೇಲೆ ಅವರ ಹೆಂಡತಿ ಸುಮಿತ್ರಮ್ಮನಿಗಿದ್ದ ದೂರು ಒಂದೇ: ಈ ಮನುಷ್ಯ ಆಫೀಸನ್ನು ಆಫೀಸಿನಲ್ಲಿ ಬಿಟ್ಟು ಬರುವುದಿಲ್ಲ. ಕೇಂದ್ರ ಸರ್ಕಾರದ ಒಂದು ಇಲಾಖೆಯ ಖರೀದಿ ವಿಭಾಗದಲ್ಲಿ ಕುರ್ಚಿ, ಫ್ಯಾನು, ಕಾಗದ, ಗೋಂದು ಕೊಂಡೂ ಕೊಂಡೂ ಅವರಿಗೆ ಬದನೆಕಾಯಿ ತರುವುದೂ ಒಂದು ಕಡತವಾಗಿ ಹೋಗಿತ್ತು. ರಾಜಧಾನಿಯ ಆರ್.ಕೆ.ಪುರಂನ ತಮ್ಮ ಸೆಕ್ಟರಿನ ಸಂತೆಯಲ್ಲಿ ಮೂರು ಗಾಡಿಯವರನ್ನು ವಿಚಾರಿಸದೆ ಅವರು ಟೊಮೆಟೊ ಮುಟ್ಟಿದವರಲ್ಲ. (ಸುಮಿತ್ರಮ್ಮನನ್ನು ನೋಡಲು ಹೋಗುವ ಮುಂಚೆ ಇನ್ನೆರಡು ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದಿದ್ದರೆಂಬುದೂ ನಿಜ. ಆ ಮಾತು ಎತ್ತಿದರೆ ಮನೆ ಕಾವೇರುತ್ತದೆ, ಬೇಡ.)

ಇಂಥವರ ಮನೆಗೆ ಕಂಪ್ಯೂಟರಿನ ಪ್ರಶ್ನೆ ಬಂತು. ತಂದವಳು ಒಬ್ಬಳೇ ಮಗಳು ಲಾವಣ್ಯಾ. ಕಾಲೇಜಿನಲ್ಲಿ ಚಿತ್ರ ತೆಗೆಯುವುದನ್ನು ಕಲಿಯುತ್ತಿದ್ದಳು. 'ನನ್ನ ಮನೆ' ಎಂಬ ವಿಷಯದ ಮೇಲೆ ಒಂದು ಚಿಕ್ಕ ಚಿತ್ರ ಮಾಡಬೇಕಾಗಿತ್ತು. ಹ್ಯಾಂಡಿಕ್ಯಾಮ್ ಕಾಲೇಜು ಕೊಟ್ಟಿತ್ತು; ತೆಗೆದದ್ದನ್ನು ಕತ್ತರಿಸಿ ಜೋಡಿಸುವ ಕಂಪ್ಯೂಟರ್ ಮಾತ್ರ ಇದ್ದದ್ದು ಗೆಳತಿ ಸಿಮ್ರನ್ ಮನೆಯಲ್ಲಿ, ಅಂದರೆ ಯಮುನೆಯ ಆಚೆ, ದೂರದ ಇಂದಿರಾಪುರಂನಲ್ಲಿ. ಎರಡು ಬಸ್ಸು ಹಿಡಿದು ಹೋಗಿ, ಎರಡು ಬಸ್ಸು ಹಿಡಿದು ಬಂದು ಹುಡುಗಿ ಸೊರಗಿ ಹೋಗಿದ್ದಳು.

"ಪಪ್ಪಾ, ಸಿಮ್ರನ್ ಹತ್ರ ಒಂದು ರೂಮ್ ಖಾಲಿ ಇದೆ," ಎಂದಳು ಊಟಕ್ಕೆ ಕೂತಾಗ. "ನಾನು ಅಲ್ಲೇ ಶಿಫ್ಟ್ ಆಗ್ತೀನಿ. ರೋಜ್ ರೋಜ್ ಇಷ್ಟು ದೂರ ನಹೀ ಹೋತಾ."

ಶಂಕರಪ್ಪನವರ ಕೈಯಲ್ಲಿದ್ದ ಚಪಾತಿಯ ತುಂಡು ಹುಳಿಯಲ್ಲೇ ನಿಂತಿತು. 'ನೀನಿಲ್ಲದೆ ಇರೋಕಾಗಲ್ಲ ಮಗಳೇ' ಎಂಬ ಮಾತು ಗಂಟಲವರೆಗೆ ಬಂತು. ಆದರೆ ಅವರಿಗೆ ಅಂಥ ಮಾತುಗಳನ್ನು ಆಡಿ ಅಭ್ಯಾಸವಿರಲಿಲ್ಲ. ಮೇಲಧಿಕಾರಿಯ ಒಪ್ಪಿಗೆ ಬೇಕೇನೋ ಎಂಬಂತೆ ಅದು ಅಲ್ಲೇ ಕೂತುಬಿಟ್ಟಿತು. ಬಾಯಿಂದ ಬಂದದ್ದು ಬೇರೆ.

"ಆ ಕಂಪ್ಯೂಟರನ್ನ ಇಲ್ಲೇ ಕಟ್ಟಿದರಾಯ್ತು."

ಲಾವಣ್ಯಾ ಕುಣಿದಾಡಿದಳು. ಮರುದಿನವೇ ಸಿಮ್ರನ್‌ಳನ್ನು ಕೇಳಿ, ಬೇಕಾದ ಭಾಗಗಳನ್ನೆಲ್ಲ ಕಂಪನಿ, ನಂಬರಿನ ಸಮೇತ ಬರೆದು ತಂದಳು. "ಇದ್ರಲ್ಲಿ ಗೇಮ್ಸ್ ಕೂಡ ಮಸ್ತ್ ಓಡುತ್ತೆ ಪಪ್ಪಾ!"

ಶಂಕರಪ್ಪನವರು ಕನ್ನಡಕ ಏರಿಸಿ ಓದಿ ಬೆಚ್ಚಿಬಿದ್ದರು. "ಇದೇನಮ್ಮಾ, ಕಂಪನಿ ಹೆಸರೇ ಬರೆದುಬಿಟ್ಟಿದ್ದೀಯಲ್ಲ! ಹೆಸರು ಹಿಡಿದು ಕೇಳೋದು ಪಕ್ಷಪಾತ. ಆಡಿಟ್‌ನವರು ಬಿಡ್ತಾರಾ?"

"ಅರೇ, ಮನೇಲಿ ಆಡಿಟ್ ಯಾರು ಪಪ್ಪಾ?"

"ನಿಮ್ಮಮ್ಮ."

ಕೆಂಪು ಪೆನ್ನು ಹೊರಬಂತು; ಅದನ್ನು ಕಂಡು ಲಾವಣ್ಯಾಳ ಹ್ಯಾಂಡಿಕ್ಯಾಮೂ ಹೊರಬಂತು. ಒಂದೊಂದು ಹೆಸರನ್ನೂ ಹೊಡೆದು ಹಾಕಿ, ಅದರ ಜಾಗದಲ್ಲಿ ಭಾಗದ ಸಾಮಾನ್ಯ ಹೆಸರು ಬರೆದು, ಮುಂದೆ ದುಂಡಗೆ 'ಅಥವಾ ತತ್ಸಮಾನ' ಎಂದು ಸೇರಿಸಿದರು. ಅಂದರೆ, ಅದು ಇಲ್ಲದಿದ್ದರೆ ಅದಕ್ಕೆ ಸರಿಸಮವಾದ ಇನ್ನೊಂದು. ಈ ಎರಡು ಪದಗಳ ಬಲದಿಂದಲೇ ಅವರು ಇಡೀ ಇಲಾಖೆಯನ್ನು ಕುರ್ಚಿಯ ಮೇಲೆ ಕೂರಿಸಿ, ಫ್ಯಾನಿನ ಕೆಳಗೆ ತಣ್ಣಗಿಟ್ಟಿದ್ದರು. ಎಂದೂ ಕೈಕೊಟ್ಟಿರಲಿಲ್ಲ.

ಇನ್ನೊಂದು ಮುಂಜಾಗ್ರತೆಯನ್ನೂ ಅವರೇ ಸೂಚಿಸಿದರು. "ಕ್ಯಾಮೆರಾ ತಗೊಂಡು ಬಾ. ಅಂಗಡಿಯವನ ಒಂದೊಂದು ಮಾತೂ ರೆಕಾರ್ಡ್ ಆಗಬೇಕು. ನಾಳೆ ತಕರಾರು ಬಂದ್ರೆ ಸಾಕ್ಷಿ."

ಶನಿವಾರ ಮೂವರೂ ಕಂಪ್ಯೂಟರ್ ಅಂಗಡಿಗಳ ಬೀಡಾದ ನೆಹರೂ ಪ್ಲೇಸಿಗೆ ದಂಡಯಾತ್ರೆ ಹೊರಟರು. ಮುಂದೆ ಕಡತದೊಡನೆ ಶಂಕರಪ್ಪನವರು, ನಡುವೆ ಕ್ಯಾಮೆರಾ ಹಿಡಿದ ಮಗಳು, ಹಿಂದೆ ಸುಮಿತ್ರಮ್ಮ. ಅವರ ಕೈಯಲ್ಲಿ ಹೂ ಕಟ್ಟುವ ದಾರದ ತುಂಡು. ದಿವಾನಿಗೂ ಬೀರುವಿಗೂ ನಡುವೆ ಇರುವ ಜಾಗವನ್ನು ಅದರಲ್ಲಿ ಅಳೆದು ತಂದಿದ್ದರು. ಕಂಪ್ಯೂಟರಿನ ಡಬ್ಬ ಆ ದಾರ ಮೀರಬಾರದೆಂದು ಅಪ್ಪಣೆಯಾಗಿತ್ತು. ಮೀರದ ಡಬ್ಬವನ್ನೇ ಕೊಂಡರು. ಬಿಸ್ಕತ್ತಿನ ಡಬ್ಬಕ್ಕಿಂತ ಸ್ವಲ್ಪ ದೊಡ್ಡದು, ನೋಡಲು ಬಲು ಮುದ್ದಾಗಿತ್ತು.

ಯಂತ್ರದ ಮಿದುಳಾದ ಪ್ರೊಸೆಸರ್ ಒಂದು ಅಂಗಡಿಯಲ್ಲಿ ಆಯಿತು. ಅಂಗಡಿಯವನು ಅದು ಕೂರಲು ತಕ್ಕ ಮದರ್‌ಬೋರ್ಡನ್ನೂ ಮುಂದಿಟ್ಟ.

"ಇಲ್ಲೇ ತಗೊಳ್ಳೋಣ ಪಪ್ಪಾ, ಮ್ಯಾಚ್ ಆಗ್ಬೇಕಂತೆ," ಎಂದಳು ಲಾವಣ್ಯಾ.

"ಎರಡೂ ಒಬ್ಬನ ಹತ್ರವೇ ಕೊಂಡರೆ ಅದಕ್ಕೆ ಒಳಸಂಚು ಅಂತಾರೆ," ಎಂದು ಶಂಕರಪ್ಪನವರು ಪಿಸುಗುಟ್ಟಿ, ಮೆಟ್ಟಿಲಿಳಿದು, ಅರೋರಾ ಎಂಬವನ ಅಂಗಡಿಯಲ್ಲಿ ಬೇರೆ ಬೋರ್ಡು ಆರಿಸಿದರು. ಅದು ಮೊದಲಿನದಕ್ಕಿಂತ ಒಂದು ಕೈ ಮೇಲೆಯೇ ಇತ್ತು, ಸುಳ್ಳಲ್ಲ. ಗ್ರಾಫಿಕ್ಸ್ ಕಾರ್ಡಂತೂ ಎರಡು ಫ್ಯಾನಿದ್ದ ರಾಜಗಾಂಭೀರ್ಯದ ವಸ್ತು. ಫ್ಯಾನಿನ ವಿಷಯದಲ್ಲಿ ತಮಗಿಂತ ತಿಳಿದವರು ಯಾರೆಂದು ಶಂಕರಪ್ಪನವರು ಬೀಗಿದರು.

ಭಾನುವಾರ ಊದುಬತ್ತಿ ಹಚ್ಚಿ, ಡಬ್ಬಕ್ಕೆ ಕುಂಕುಮವಿಟ್ಟು ಜೋಡಣೆ ಶುರುವಾಯಿತು. ಪ್ರೊಸೆಸರಿನ ತಳದಲ್ಲಿ ನೂರಾರು ಸಣ್ಣ ಸೂಜಿಗಳು. ಬೋರ್ಡಿನಲ್ಲಿ ಅದು ಕೂರಬೇಕಾದ ಪೀಠದಲ್ಲೂ ಸೂಜಿಗಳು! ಎರಡು ಕಡೆಯೂ ಸೂಜಿಯೇ. ತೂತು ಯಾರ ಹತ್ತಿರವೂ ಇಲ್ಲ. ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು, ಕೊನೆಗೆ ಕೈಬಿಟ್ಟು ಕಾರ್ಡನ್ನಾದರೂ ಕೂರಿಸೋಣವೆಂದರೆ ಅದು ಮುದ್ದಾದ ಡಬ್ಬದಿಂದ ಗೇಣುದ್ದ ಹೊರಗೆ ಚಾಚಿಕೊಂಡಿತು.

"ಬಾಗಿಲು ತೆಗೆದಿಟ್ರೆ ಆಗಲ್ವೇನ್ರೀ?" ಎಂದರು ಸುಮಿತ್ರಮ್ಮ, ದಾರವನ್ನು ಮೆಲ್ಲಗೆ ಸೆರಗಿನಲ್ಲಿ ಅಡಗಿಸುತ್ತ.

"ಒಂದೊಂದೂ ಉತ್ತಮ ವಸ್ತುವೇ..." ಎಂದು ಗೊಣಗಿದರು ಶಂಕರಪ್ಪನವರು.

"ಒಳ್ಳೆ ಹುಡುಗ, ಒಳ್ಳೆ ಹುಡುಗಿ ಅಂತ ಗಂಟು ಹಾಕಿಬಿಟ್ರೆ ಸಂಸಾರ ಆಗುತ್ತಾ? ಜಾತಕ ನೋಡಬೇಕಿತ್ತು."

"ನಮ್ಮ ಜಾತಕ ಕೂಡಿತ್ತಲ್ಲ?"

"ಅದಕ್ಕೇ ಹೇಳ್ತಿರೋದು. ಕೂಡಿ ಬಂದೇ ಇಷ್ಟು ಕಷ್ಟ!"

ಲಾವಣ್ಯಾ ನಗಲಿಲ್ಲ. ಅಪ್ಪನನ್ನು ಬಯ್ಯಲೂ ಇಲ್ಲ, ಅದೇ ಅವರಿಗೆ ಹೆಚ್ಚು ಚುಚ್ಚಿತು. "ಕೋಯಿ ಬಾತ್ ನಹೀ ಪಪ್ಪಾ. ನಂಗೆ ಟೈಮ್ ಇಲ್ಲ, ನೆಕ್ಸ್ಟ್ ಸಂಡೇ ಸಿಮ್ರನ್ ಹತ್ರ ಹೋಗ್ತೀನಿ," ಎಂದು ಅಟ್ಟದಿಂದ ದೊಡ್ಡ ಬ್ಯಾಗು ಇಳಿಸಿದಳು. ಆ ಬ್ಯಾಗು ಇಡೀ ವಾರ ನಡುಮನೆಯಲ್ಲೇ ಬಾಯಿ ತೆರೆದುಕೊಂಡು ಕೂತಿತ್ತು. ಶಂಕರಪ್ಪನವರು ಅದನ್ನು ದಾಟುವಾಗಲೆಲ್ಲ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಶುಕ್ರವಾರ ಅವರು ರಜೆ ಹಾಕಿದರು. (ಆಫೀಸಿನಲ್ಲಿ ಯಾರೋ ತೀರಿಕೊಂಡಿರಬೇಕೆಂದು ಮಾತಾಯಿತಂತೆ.) ಡಬ್ಬಗಳನ್ನು ಹೊತ್ತು ಮಗಳೊಡನೆ ಅರೋರಾನ ಅಂಗಡಿಗೆ ಹೋದರು. ಅಂದೂ ಸಾಕ್ಷಿ ಬಿಡಲಿಲ್ಲ: ಕ್ಯಾಮೆರಾ ಚಾಲೂ ಮಾಡಿಸಿ ಗಲ್ಲಾ ಪಕ್ಕದಲ್ಲಿ ಇಡಿಸಿದರು. ಜನ ಕರಗುವುದನ್ನು ಕಾಯುತ್ತ ಹಸಿವಾದಾಗ ಲಾವಣ್ಯಾ ಛೋಲೆ ಕುಲ್ಚೆ ತರಲು ಕೆಳಗಿಳಿದಳು. ಕ್ಯಾಮೆರಾ ತನ್ನ ಪಾಡಿಗೆ ತಾನು ಓಡುತ್ತಿತ್ತು.

"ಸಾಬ್, ಬಿಲ್ ಮೇ ಲಿಖಾ ಹೈ. ಮಾಲ್ ವಾಪಸ್ ನಹೀ ಹೋಗಾ," ಎಂದ ಅರೋರಾ, ಕೊಂಡ ಮಾಲು ವಾಪಸ್ಸಿಲ್ಲವೆಂಬ ಬಿಲ್ಲಿನ ಸಾಲಿಗೆ ಬೆರಳಿಟ್ಟು. ಜೀವಮಾನವೆಲ್ಲ ಅಂಗಡಿಯವರಿಗೆ ನಿಯಮ ತೋರಿಸಿ ನಡುಗಿಸಿದ ಶಂಕರಪ್ಪನವರಿಗೆ ಇಂದು ಅಂಗಡಿಯವನೇ ನಿಯಮ ತೋರಿಸುತ್ತಿದ್ದ. "ಜಲ್ದೀ ಕ್ಯಾ ಹೈ? ಅಗಲೇ ಮಹೀನೇ ಆಯಿಯೇ, ದೇಖೇಂಗೇ."

ಮುಂದಿನ ತಿಂಗಳೆಂಬ ಮಾತು ಕೇಳಿ ಶಂಕರಪ್ಪನವರು ಹಿಂದೆ ತಿರುಗಿ ಮಗಳು ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಗಲ್ಲಾದ ಮೇಲೆ ಬಾಗಿದರು.

"ಅರೋರಾಜೀ, ಇತ್ವಾರ ಕೋ ಮೇರೀ ಬೇಟೀ ಚಲೀ ಜಾಯೇಗೀ. ಯೇ ಮಷೀನ್ ಚಲೇಗಾ ತೋ ವೋ ಘರ್ ಮೇ ರಹೇಗೀ. ಉಸಕೇ ಬಿನಾ..." ಭಾನುವಾರ ಮಗಳು ಹೋಗಿಬಿಡುತ್ತಾಳೆ, ಈ ಯಂತ್ರ ಓಡಿದರೆ ಮನೆಯಲ್ಲೇ ಉಳಿಯುತ್ತಾಳೆ ಎಂಬಲ್ಲಿಗೆ ಅವರ ಹಿಂದಿ ಮುಗಿಯಿತು. ಮುಂದಿನದು ತಾನಾಗಿ ಕನ್ನಡದಲ್ಲೇ ಬಂತು. "ಅವಳಿಲ್ಲದ ಮನೇಲಿ ನನಗೆ ಅನ್ನ ಇಳಿಯಲ್ಲ ಕಣಪ್ಪಾ."

ಅರೋರಾನಿಗೆ ಕನ್ನಡ ಬಾರದು. ಆದರೂ ಅವರ ಮುಖ ನೋಡಿ, ಬೋರ್ಡಿನ ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡ. ಪ್ರೊಸೆಸರಿಗೆ ಹೊಂದುವ ಬೋರ್ಡನ್ನೂ, ಕಾರ್ಡು ಹಿಡಿಸುವ ದೊಡ್ಡ ಡಬ್ಬವನ್ನೂ ತಾನೇ ಹುಡುಕಿ ಕೊಟ್ಟ.

ಶನಿವಾರ ಕಂಪ್ಯೂಟರ್ ಗುಂಯ್ ಎಂದು ಎದ್ದಿತು. ಬ್ಯಾಗು ಅಟ್ಟಕ್ಕೆ ಹೋಯಿತು. ಶಂಕರಪ್ಪನವರು ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡರು.

ಆದರೆ ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಸಿಮ್ರನ್, ಜೊತೆಗೆ ಇನ್ನಿಬ್ಬರು, ಕೈತುಂಬ ಕ್ಯಾಸೆಟ್ಟು! "ಅಂಕಲ್, ಆಪ್ ಕಾ ಮಷೀನ್ ತೋ ಹಮಾರೇ ವಾಲೇ ಸೇ ಭೀ ಫಾಸ್ಟ್ ಹೈ!" ತಮ್ಮದಕ್ಕಿಂತ ಇದೇ ಚುರುಕೆಂದು ಹೊಗಳಿದ್ದೇ ತಡ, ನಡುಮನೆ ಅವರದಾಯಿತು. ಒಬ್ಬಳು ಚಿತ್ರ ಕತ್ತರಿಸಿ ಎದ್ದರೆ ಇನ್ನೊಬ್ಬಳು ಕಾರಿನ ರೇಸಿಗೆ ಕೂರುವಳು. ದೊಡ್ಡ ಡಬ್ಬಕ್ಕೆ ಜಾಗವಾಗಲೆಂದು ದಿವಾನು ಬಾಲ್ಕನಿಗೆ ಹೋಯಿತು, ದಿವಾನಿನ ಜೊತೆಗೆ ಶಂಕರಪ್ಪನವರೂ ಹೋದರು. ಮಗಳನ್ನು ಮನೆಯಲ್ಲಿ ಉಳಿಸಿಕೊಂಡ ತಂದೆಗೆ ಮನೆಯೊಳಗೆ ಜಾಗ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಲಾವಣ್ಯಾ ಅಪ್ಪ ಅಮ್ಮನನ್ನು ಕರೆದು ಚಿತ್ರ ಹಾಕಿದಳು. ಪರದೆಯ ಮೇಲೆ ಮೊದಲು ಕಂಡದ್ದು ಕೆಂಪು ಪೆನ್ನು ಹಿಡಿದ ಶಂಕರಪ್ಪನವರೇ! ನೆಹರೂ ಪ್ಲೇಸಿನ ಮೆಟ್ಟಿಲುಗಳಲ್ಲಿ ಕಡತ ಹಿಡಿದು ನಡೆಯುವ ಶಂಕರಪ್ಪನವರು. ಒಳಸಂಚು ಎಂದು ಪಿಸುಗುಟ್ಟುವ ಶಂಕರಪ್ಪನವರು. ಸಾಕ್ಷಿಗೆಂದು ತಾವೇ ತೆಗೆಸಿದ್ದೆಲ್ಲ ಸಾಲಾಗಿ ಬಂದು ನಿಂತಿತ್ತು. ಸಿಮ್ರನ್ ಬಳಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಮಿತ್ರಮ್ಮನಂತೂ ದಾರ ಕಾಣಿಸಿಕೊಳ್ಳುವವರೆಗೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಮೇಲೆ ಅರೋರಾನ ಅಂಗಡಿ ಬಂತು. ಗಲ್ಲಾದ ಮೇಲೆ ಬಾಗಿದ ಒಂದು ಬೋಳುತಲೆ. "ಅವಳಿಲ್ಲದ ಮನೇಲಿ ನನಗೆ ಅನ್ನ ಇಳಿಯಲ್ಲ ಕಣಪ್ಪಾ."

ನಗು ನಿಂತಿತು. ಕನ್ನಡ ಬಾರದ ಹುಡುಗಿಯರೂ ಅಂಕಲ್ ಕಡೆ ತಿರುಗಿದರು. ಶಂಕರಪ್ಪನವರ ಕಿವಿ ಕೆಂಪಾಯಿತು; ನಾಚಿಕೆಯಿಂದ ಎಲ್ಲಿ ನೋಡುವುದೆಂದು ಅವರಿಗೆ ತಿಳಿಯಲಿಲ್ಲ.

"ಅದೊಂದು ತೆಗೆದುಬಿಡು ಮಗಳೇ. ಅದರ ಬದಲು ಬೇರೆ ಏನಾದ್ರೂ ಹಾಕು."

ಮೂರು ಮಾತಿಗೆ ಎರಡು ಹಿಂದಿ ಬೆರೆಸುವ ಹುಡುಗಿ, ಅಂದು ನಿಧಾನವಾಗಿ, ಪದ ಪದ ಹುಡುಕಿ, ಅಚ್ಚ ಕನ್ನಡದಲ್ಲಿ ಹೇಳಿದಳು. "ಹುಡುಕಿದೆ ಅಪ್ಪಾ. ಅದಕ್ಕೆ ತತ್ಸಮಾನ ಯಾವುದೂ ಸಿಗಲಿಲ್ಲ."

ಶಂಕರಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದಷ್ಟೂ ಅದು ಮಂಜಾಗೇ ಇತ್ತು.

"ಅಳೋದಿದ್ರೆ ಅಡುಗೆಮನೆಗೆ ಹೋಗಿ ಅಳಿ," ಎಂದರು ಸುಮಿತ್ರಮ್ಮ, ತಮ್ಮ ಕಣ್ಣನ್ನೂ ಸೆರಗಿನಲ್ಲಿ ಒತ್ತಿಕೊಳ್ಳುತ್ತ. "ಹಾಗೇ ಎಲ್ಲರಿಗೂ ಚಹಾ ಮಾಡ್ಕೊಂಡು ಬನ್ನಿ."

ಹೋದರು. ಹಾಲು, ಪುಡಿ ಎಲ್ಲ ಸೇರಿ ಚಹಾ ಉಕ್ಕುವ ಹೊತ್ತಿಗೆ ಸಕ್ಕರೆ ಡಬ್ಬ ತೆರೆದರೆ ಅದು ಖಾಲಿ. ಪಕ್ಕದಲ್ಲಿ ಬೆಲ್ಲವಿತ್ತು. ಸಿಹಿ ಅಂದಮೇಲೆ ಸಿಹಿಯೇ ಅಲ್ಲವೇ? ತುಂಬಿದ ಹೃದಯದಿಂದ ಒಂದು ಹಿಡಿ ಬೆಲ್ಲವನ್ನು ಕುದಿಯುವ ಚಹಾಕ್ಕೆ ಹಾಕಿದರು. ಕಣ್ಣೆದುರೇ ಹಾಲು ಒಡೆದು ಚೂರು ಚೂರಾಯಿತು.

ಸೌಟು ಹಿಡಿದು ದಿಕ್ಕುಗೆಟ್ಟು ತಿರುಗಿದರೆ ಬಾಗಿಲಲ್ಲಿ ಲಾವಣ್ಯಾ ನಿಂತಿದ್ದಳು. ಅವಳ ಕೈಯಲ್ಲಿದ್ದ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.