ಎರಡು ಚಿಲ್ಲರೆ ಅಂಕದ ನರ್ಸ್

ಕೆಲಸ ಹೋಗಿ ಮನೆಯಲ್ಲಿ ಕೂತ ಗಂಡಸಿಗೆ ಕೂರೋದಕ್ಕೇ ಪುರುಸೊತ್ತಿರುವುದಿಲ್ಲ ಅನ್ನೋದು ಈ ಲೋಕಕ್ಕೆ ಇನ್ನೂ ಗೊತ್ತಾಗಿಲ್ಲ.

ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಎಲ್ಲರ ಜೇಬಿಗೂ ಒಂದೊಂದು ಕ್ಯಾಮೆರಾ ಬಂದು, ನನ್ನ ಜೇಬಿಗೆ ಕಾಸು ಬರುವುದು ನಿಂತುಹೋಗಿ, ಬಾಗಿಲು ಮುಚ್ಚಿದೆ. ಅಂದಿನಿಂದ ಒಗೆಯೋದು, ಒರೆಸೋದು, ಪಾತ್ರೆ ಉಜ್ಜೋದು ಎಲ್ಲ ನನ್ನ ಪಾಲಿಗೆ. ಹೆಂಡತಿ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಹಿರಿಯ ನರ್ಸ್. ಸಂಜೆ ಬಂದವಳೇ ಕುರ್ಚಿಯಲ್ಲಿ ಕಾಲು ಚಾಚಿ ವಾರ್ಡಿನ ಸಮಸ್ತ ವಿದ್ಯಮಾನಗಳನ್ನೂ ನನಗೆ ಒಪ್ಪಿಸುತ್ತಿದ್ದಳು: ಯಾರ ಹೊಲಿಗೆ ಕೀವಾಯಿತು, ಯಾರ ಬಿಪಿ ಇಳಿಯಿತು, ಯಾವ ಡಾಕ್ಟರ್ ಎಲ್ಲಿ ಎಡವಿದ. ನನ್ನ ಕೆಲಸ 'ಹ್ಞೂಂ' ಅನ್ನೋದು. (ಒಂದು ಹ್ಞೂಂ ತಪ್ಪಿದರೆ ಮತ್ತೆ ಮೊದಲಿನಿಂದ ಶುರು.)

"ನರ್ಸ್‌ಗಳೇ ಸಾಲ್ತಿಲ್ಲ ಕಣ್ರೀ. ಯಾರಾದ್ರೂ ಬಂದು ಸೇರ್ಕೋಬಾರ್ದಾ?" ಅಂದಳು ಒಂದು ದಿನ.

ಕೈಯಲ್ಲಿ ಒರೆಸೋ ಬಟ್ಟೆ ಹಿಡಿದಿದ್ದ ನನಗೆ ಅಲ್ಲೇ ಜ್ಞಾನೋದಯವಾಯಿತು. "ನಾನೇ ಸೇರ್ತೀನಿ."

"ಆಸ್ಪತ್ರೆಗಾ? ಏನಾಯ್ತು ನಿಮಗೆ?" ಅಂತ ಹಣೆ ಮುಟ್ಟಿ ನೋಡಿದಳು.

"ರೋಗಿಯಾಗಿ ಅಲ್ಲ ಕಣೇ! ನರ್ಸಿಂಗ್ ಶಾಲೆಗೆ."

ಕಾಲೇಜು ಓದುವ ಮಗಳು ಪುಸ್ತಕದಿಂದ ತಲೆ ಎತ್ತಿದಳು. "ಅಪ್ಪ, ಅಲ್ಲಿ ಡಿಗ್ರಿಯ ಗ್ರೇಡ್ ಸರಾಸರಿ ಕೇಳ್ತಾರೆ. ನಿಮ್ಮದೆಷ್ಟು?"

"ನಾಲ್ಕಕ್ಕೆ ಎರಡು... ಚಿಲ್ಲರೆ."

"ಚಿಲ್ಲರೆ ಎಷ್ಟು?"

"ಅದು ನಿಜವಾಗ್ಲೂ ಚಿಲ್ಲರೆ ಕಣಮ್ಮ, ಬಿಡು."

"ನಿಮ್ಮಪ್ಪನಿಗೆ ಆಗ ಅಂಕವೂ ಇರಲಿಲ್ಲ, ಅಂಕೆಯೂ ಇರಲಿಲ್ಲ" ಅಂದಳು ಹೆಂಡತಿ. ಆ ಮಾತಿಗೇ ನನ್ನ ಹಟ ಏರಿತು.

ನರ್ಸಿಂಗ್ ಶಾಲೆಯ ಗುಮಾಸ್ತ ನನ್ನ ಸರಾಸರಿಯನ್ನು ಎರಡು ಸಲ ಓದಿದ, ಮೊದಲನೆಯ ಸಲ ನಂಬಿಕೆ ಬರದೆ. "ಹಳೇ ಅಂಕ ಅಳಿಸೋಕಾಗಲ್ಲ ಸಾರ್. ಜೀವಶಾಸ್ತ್ರ, ರಸಾಯನಶಾಸ್ತ್ರ ಮತ್ತೆ ಓದಿ ಪಾಸಾಗಿ. ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೈಯಾಳಾಗಿ ದುಡೀರಿ. ಆಮೇಲೆ ಸಂದರ್ಶನದಲ್ಲಿ ನೋಡೋಣ" ಅಂದ.

ಸರಿ, ಸಂಜೆ ಕಾಲೇಜಿಗೆ ಸೇರಿದೆ. ಪಕ್ಕದ ಬೆಂಚಿನವರು ನನ್ನನ್ನೇ ಮೇಷ್ಟ್ರು ಅಂದುಕೊಂಡು ಎದ್ದು ನಿಂತರು. ಮನೆಯಲ್ಲಿ ಮಗಳೇ ಗುರುಮಾತೆ. ಮೂತ್ರಪಿಂಡದ ಪಾಠಕ್ಕೆ ಬಂದಾಗಲೆಲ್ಲ ನನಗೆ ಪಾಠ ತಲೆಗೆ ಹತ್ತುವ ಮೊದಲೇ ನಿದ್ದೆ ಹತ್ತುತ್ತಿತ್ತು. ಹಗಲಲ್ಲಿ ಹೆಂಗಸರ ವಾರ್ಡಿನಲ್ಲಿ ಗಾಲಿಮಂಚ ತಳ್ಳುವ ಕೆಲಸ. (ಹೆಂಡತಿಯ ವಾರ್ಡು ಬೇಡವೇ ಬೇಡ ಅಂತ ಕಾಡಿ ಬೇಡಿ ಗಿಟ್ಟಿಸಿಕೊಂಡದ್ದು.) ಆ ಮಂಚದ ಗಾಲಿ ಸದಾ ಎಡಕ್ಕೆ ಎಳೆಯುತ್ತಿತ್ತು, ಎಕ್ಸ್‌ರೇ ಕೋಣೆ ಬಲಕ್ಕಿತ್ತು.

ಒಂದು ದಿನ ಮೂರು ಮಹಡಿ ಏರಿಳಿದು, ಎರಡು ಸಲ ವಾಂತಿ ಬಳಿದು ಮನೆಗೆ ಬಂದವನು ಅಡುಗೆಮನೆಯ ನೆಲದ ಮೇಲೇ ಕುಸಿದು ಕೂತೆ. "ನನ್ನ ಕೈಲಾಗಲ್ಲ. ಈ ವಯಸ್ಸಲ್ಲಿ ಈ ತಲೆ, ಈ ಸೊಂಟ ಇಟ್ಕೊಂಡು ಯಾಕೆ ಬೇಕಿತ್ತು?"

ಬೈತಾಳೆ ಅಂದುಕೊಂಡೆ. ಹೆಂಡತಿ ಬಕೆಟ್ಟಿಗೆ ಬಿಸಿನೀರು ತಂದು ನನ್ನ ಕಾಲನ್ನು ಅದರೊಳಗಿಟ್ಟಳು. ತಾನೂ ಪಕ್ಕದಲ್ಲಿ ಕೂತಳು. "ಮೊದಲನೇ ವರ್ಷ ನಾನೂ ಹೀಗೇ ಕೂತು ಅತ್ತಿದ್ದೆ" ಅಂದಳು. ಇಷ್ಟು ವರ್ಷದ ವರದಿಗಳಲ್ಲಿ ಈ ಒಂದು ಸುದ್ದಿ ಬಂದೇ ಇರಲಿಲ್ಲ. ಮರುದಿನ ಮತ್ತೆ ಹೋದೆ.

ಎರಡೂ ಪರೀಕ್ಷೆ ಒಳ್ಳೆಯ ದರ್ಜೆಯಲ್ಲೇ ಪಾಸಾದೆ. ಸಂದರ್ಶನದಲ್ಲಿ ಪ್ರಿನ್ಸಿಪಾಲ್ ಮೇಡಂ ನನ್ನ ಹಳೆಯ ಅಂಕಗಳನ್ನು ಮುರಿದ ಮೂಳೆಯ ಎಕ್ಸ್‌ರೇ ನೋಡುವ ಹಾಗೆ ನೋಡಿದರು.

"ಆಗ ಏನು ಮಾಡ್ತಿದ್ರಿ?"

"ಫೋಟೋ ತೆಗೀತಿದ್ದೆ ಮೇಡಂ."

"ಕ್ಲಾಸಿನಲ್ಲಾ?"

"ಕ್ಲಾಸಿನ ಹೊರಗೆ. ಅದೇ ತೊಂದರೆಯಾಯ್ತು."

ಅವರು ನಗಲಿಲ್ಲ. "ಆಪರೇಷನ್ ಆದ ರೋಗಿ ತಣ್ಣಗೆ ಬೆವರ್ತಿದ್ದಾನೆ, ನಾಡಿ ಓಡ್ತಿದೆ. ಏನು ಮಾಡ್ತೀರಿ?"

"ಒಳಗೆ ರಕ್ತ ಸೋರ್ತಿರಬಹುದು. ಅವನನ್ನ ಬಿಟ್ಟು ಓಡಬಾರದು. ಅಲ್ಲಿಂದಲೇ ಜನರನ್ನ ಕೂಗಬೇಕು, ಬಿಪಿ ನೋಡಬೇಕು, ಡಾಕ್ಟರನ್ನ ಕರೆಸಬೇಕು."

"ಇದನ್ನ ಎಲ್ಲಿ ಓದಿದ್ರಿ?"

"ಓದಿದ್ದಲ್ಲ ಮೇಡಂ. ದಿನಾ ಸಂಜೆ ಹೆಂಡತಿ ಹೇಳ್ತಾಳೆ, ನಾನು ಹ್ಞೂಂ ಅಂತೀನಿ."

ಯಾರು ನಿಮ್ಮ ಹೆಂಡತಿ ಅಂತ ಕೇಳಿದರು. ಹೇಳಿದೆ. ಮೇಡಂ ಕನ್ನಡಕ ತೆಗೆದರು. ಪಕ್ಕದಲ್ಲಿದ್ದ ಮೇಷ್ಟ್ರ ಕೈಯಿಂದ ಪೆನ್ನು ಬಿತ್ತು.

"ಆ ಗಂಡಸರ ವಾರ್ಡಿನ ಸಿಸ್ಟರಾ? ಮದುವೆಯಾಗಿ ಎಷ್ಟು ವರ್ಷ?"

"ಇಪ್ಪತ್ತು ದಾಟಿತು."

"ನಮ್ಮ ಹುಡುಗರು ಅವರ ಕೈಕೆಳಗೆ ಒಂದು ವಾರ ನಿಲ್ಲಲ್ಲ!" ಮೇಡಂ ಪಕ್ಕದವರ ಕಡೆ ತಿರುಗಿದರು. "ಸರಾಸರಿ ಕಡಿಮೆ, ಒಪ್ಪಿದೆ. ಆದರೆ ಸಹನಶಕ್ತಿ ನೋಡಿ!"

ಹೀಗೆ ನನಗೆ ಸೀಟು ಸಿಕ್ಕಿತು. ಜಗತ್ತಿನಲ್ಲಿ ದಾಂಪತ್ಯವನ್ನು ವಿದ್ಯಾರ್ಹತೆಯಾಗಿ ಪರಿಗಣಿಸಿದ್ದು ಅದೇ ಮೊದಲಿರಬೇಕು. ಮಗಳು ಕುಣಿದಳು. ಹೆಂಡತಿ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡು, "ಉಗುರು ಕತ್ತರಿಸ್ಕೊಳ್ಳಿ" ಅಂದಳು.

ಪಾಠ ಮುಗಿದು ವಾರ್ಡಿನ ತರಬೇತಿ ಬಂತು. ನನ್ನನ್ನು ಹಾಕಿದ್ದು ಎಲ್ಲಿಗೆ ಅಂತೀರಿ? ಗಂಡಸರ ವಾರ್ಡಿಗೆ! ಓಡಿಹೋಗಿ ಮೇಡಂ ಮುಂದೆ ಕೈಮುಗಿದೆ.

"ಅಲ್ಲಿ ನಿಲ್ಲೋರು ನೀವೊಬ್ಬರೇ ಅಂತ ತಾನೇ ಸೀಟು ಕೊಟ್ಟದ್ದು?" ಅಂದರು.

ಮನೆಯಲ್ಲಿ ಹೇಗೂ ಅವಳ ಆಡಳಿತ. ಈಗ ಹಗಲೂ ಅದೇ ಸಾಮ್ರಾಜ್ಯದ ಪ್ರಜೆಯಾದೆ. ಕಟ್ಟಿಕೊಂಡವಳನ್ನೇ 'ಸಿಸ್ಟರ್' ಅನ್ನಬೇಕಾದ ದುರ್ಗತಿ ಯಾವ ಗಂಡನಿಗೂ ಬೇಡ. ಮೊದಲ ದಿನವೇ ನಾನು ಹಾಸಿದ ಹಾಸಿಗೆಯನ್ನು ನಾಲ್ಕು ಸಲ ಕಿತ್ತು ಹಾಕಿಸಿದಳು.

ಸೊಂಟ ಹಿಡಿದುಕೊಂಡು ಮೂಲೆಯ ಮಂಚದ ಅಜ್ಜನ ದಿಂಬು ಸರಿಮಾಡುತ್ತಿದ್ದೆ. ಅಜ್ಜ ನನ್ನ ಕೈ ಹಿಡಿದು ಪಿಸುಗುಟ್ಟಿದರು. "ಒಳ್ಳೇ ಹೆಂಗಸು ಕಣಪ್ಪ, ಆದ್ರೆ ಏನು ಜೋರು! ಮನೇಲಿ ಅವಳ ಗಂಡ ಯಾವ ಪಾಪದ ಪ್ರಾಣಿಯೋ. ಅದು ಹೇಗೆ ಬಾಳ್ತಾನೋ!"

"ನನಗೂ ಅದೇ ಆಶ್ಚರ್ಯ ಅಜ್ಜ" ಅಂದೆ.

ಬೆನ್ನ ಹಿಂದೆ ಪರದೆ ಸರಿದ ಸದ್ದಾಯಿತು.

"ಹೇಳಿ, ಅಜ್ಜ ಕೇಳ್ತಿದ್ದಾರಲ್ಲ," ಅಂತು ಆ ದನಿ. "ಹೇಗೆ ಬಾಳ್ತಿದ್ದಾರಂತೆ?"

ಮಂಚದ ಕೆಳಗಿನ ಬೆಡ್‌ಪ್ಯಾನ್ ಎತ್ತಿಕೊಂಡು ಬಾಗಿಲ ಕಡೆ ನಡೆಯುತ್ತಾ ಹೇಳಿದೆ:

"ಪರಮ ಸುಖವಾಗಿ, ಸಿಸ್ಟರ್."